ಒಂದು ಉದ್ಧರಣೆ ನೀರು

ಫೋನು ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದೆ. ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರಬೇಕು, ಸಿಪ್ಪೆ ಬೆರಳಲ್ಲೇ ಉಳಿಯಬೇಕು. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಸ್ಪೀಕರಿಗೆ ಹಾಕಿದೆ. ಚನ್ನರಾಯಪಟ್ಟಣದಿಂದ ನಾದಿನಿ, ನಮ್ಮೆಜಮಾನರ ತಂಗಿ.

“ಅತ್ತಿಗೆ, ಕೂತಿದ್ದೀರೋ ನಿಂತಿದ್ದೀರೋ?”

“ಕೂತಿದ್ದೀನಿ ಕಣೆ, ಅವರೆಕಾಳು ಇದುಕ್ತಾ.”

“ಅಂಗಾದ್ರೆ ಕೂತೇ ಇರಿ. ಮುಂದಿನ ತಿಂಗಳ ಲಗ್ನ ಸರಿಯಿಲ್ಲ ಅಂದ್ಬುಟ್ರು ಅಯ್ನೋರು. ಗೃಹಪ್ರವೇಶ ಇನ್ನು ಹತ್ತೇ ದಿನಕ್ಕೆ. ನಿಮ್ಮ ಗಿಡ ರೆಡಿ ಅವೆ ತಾನೆ?”

“ಅವೆ,” ಎಂದೆ. ಆ ಮಾತು ಹೇಳುವಾಗ ಅದು ನಿಜ ಎಂದೇ ನಂಬಿದ್ದೆ.

ನಮ್ಮ ಕಡೆ ಗೃಹಪ್ರವೇಶಕ್ಕೆ ಬಂದ ಹೆಣ್ಣುಮಕ್ಕಳಿಗೆ ತಾಂಬೂಲದ ಜೊತೆ ಒಂದು ಸ್ಟೀಲ್ ಡಬ್ಬಿಯೋ ತಟ್ಟೆಯೋ ಕೊಟ್ಟು ಕಳಿಸುವುದು ವಾಡಿಕೆ. ಎಲ್ಲರ ಮನೆಯಲ್ಲೂ ಅಂಥ ಡಬ್ಬಿಗಳು ಒಂದರೊಳಗೊಂದು ಕೂತು ಅಟ್ಟ ಸೇರಿರುತ್ತವೆ. ದೀಪಾವಳಿಗೆ ಹೊಳೆನರಸೀಪುರಕ್ಕೆ, ನಮ್ಮ ಮನೆಗೆ, ಬಂದಿದ್ದ ನಾದಿನಿ ಪಡಸಾಲೆಯಲ್ಲಿ ನಾನು ಜೋಡಿಸಿಟ್ಟಿದ್ದ ದಪ್ಪ ಎಲೆಯ ಸಕ್ಯುಲೆಂಟ್ ಗಿಡಗಳನ್ನು ನೋಡಿ ಹಟ ಹಿಡಿದಳು. ಸೋರುತ್ತಿದ್ದ ಹಳೆಯ ಹಿತ್ತಾಳೆ ಬೋಗುಣಿಯಲ್ಲಿ ಹಿಂದೆ ಎತ್ತರದ ಜೇಡ್ ಗಿಡ, ನಡುವೆ ತಾವರೆಯಂತೆ ಸುತ್ತು ಸುತ್ತಾಗಿ ಎಲೆ ಜೋಡಿಸಿಕೊಂಡಿರುವುದು, ಅಂಚಿನಿಂದ ಜಡೆಯಂತೆ ಇಳಿಬಿದ್ದಿರುವುದು ಒಂದು. ರಂಗೋಲಿ ಹಾಕಿ ರೂಢಿಯಿದ್ದ ಕೈಗೆ ಅದು ಹೊಸ ಕೆಲಸವೇನಲ್ಲ. ನಡುವಿನ ಚುಕ್ಕಿ ಸರಿಯಾಗಿ ಬಿದ್ದರೆ ಉಳಿದದ್ದು ತಾನಾಗಿ ಕೂರುತ್ತದೆ.

“ನನ್ನ ಮನೆಗೆ ಬಂದೋರಿಗೆ ಡಬ್ಬಿ ಬ್ಯಾಡ, ಇಂಥದ್ದೇ ಒಂದೊಂದು ಪುಟ್ಟದು ಕೊಡ್ತೀನಿ,” ಎಂದಳು. ಐವತ್ತೊಂದು ಆಗಬೇಕೆಂದು ಲೆಕ್ಕ ಹಾಕಿದೆವು. ಇದನ್ನು ಕೇಳಿದ ಅವಳ ಅತ್ತೆ ನೆಂಟರ ಮುಂದೆಯೇ ಅಂದಿದ್ದರಂತೆ: “ಗಿಡ ಕೊಡ್ತಾಳಂತೆ. ಒಂದು ಸ್ಟೀಲ್ ಡಬ್ಬಿಗೂ ಗತಿಯಿಲ್ವಾ ನಮ್ಮನೇಲಿ?” ನಾದಿನಿ ಅದಕ್ಕೆ, “ನಮ್ಮತ್ತಿಗೆ ಮಾಡಿದ್ದು ಬಂದಾಗ ನೋಡೀರಂತೆ,” ಎಂದು ಮುಖಕ್ಕೆ ಹೇಳಿ ಬಂದಿದ್ದಳು. ಹಾಗಾಗಿ ಗಿಡ ಹೋಗದಿದ್ದರೆ ಹೋಗುವುದು ಅವಳ ಮಾನ.

ಅರಕಲಗೂಡಿನ ಕುಂಬಾರರ ಮನೆಯಿಂದ ಅಂಗೈಯಗಲದ ಮಣ್ಣಿನ ಬೋಗುಣಿಗಳನ್ನು ಮಾಡಿಸಿ ತಂದಿದ್ದೆ. ತಳಕ್ಕೆ ತೂತು ಬೇಕೆಂದಾಗ ಆ ಅಜ್ಜ, “ತೂತಿನ ಬೋಗುಣಿ ತಕ್ಕೊಂಡು ಏನು ತುಂಬ್ಕೊಂಡೀಯವ್ವಾ?” ಎಂದು ನಕ್ಕಿದ್ದರು. ಒಂದು ತಿಂಗಳ ಹಿಂದೆಯೇ ಗಿಡಗಳನ್ನೆಲ್ಲ ಕೂರಿಸಿ ಹಿಂದಿನ ಜಗುಲಿಯಲ್ಲಿ ಸಾಲಾಗಿ ಇಟ್ಟಿದ್ದೆ. ನೆಲ ಕೆಸರಾಗದಿರಲೆಂದು ಕೆಳಗೆ ಪ್ಲಾಸ್ಟಿಕ್ ಟ್ರೇ ಇಟ್ಟೆ. ಇವು ಮರೆತಷ್ಟೂ ಚೆನ್ನಾಗಿ ಬೆಳೆಯುವ ಗಿಡಗಳು. ಸಂಕ್ರಾಂತಿಯ ಕೆಲಸದಲ್ಲಿ ನಾನೂ ಮರೆತೇ ಇದ್ದೆ.

ಫೋನಿಟ್ಟು ಜಗುಲಿಗೆ ಹೋಗಿ ಮೊದಲ ಬೋಗುಣಿ ಎತ್ತಿದೆ. ನಡುವಿನ ತಾವರೆ ಓರೆಯಾಗಿತ್ತು. ಸರಿ ಮಾಡೋಣವೆಂದು ಮುಟ್ಟಿದರೆ ಎಲೆ ಬೆರಳ ನಡುವೆ ಅವರೆಸಿಪ್ಪೆಯ ಹಾಗೆ ಜಾರಿತು. ಬುಡ ಕಪ್ಪಗೆ ಕೊಳೆತಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಟ್ರೇಯಲ್ಲಿ ನೀರು ನಿಂತಿತ್ತು. ನೀರಿನ ಮೇಲೆ ವಿಭೂತಿಯ ತೆಳ್ಳನೆ ಬಿಳಿ ಕೆನೆ, ಎರಡು ಪತ್ರೆಯ ಎಲೆ.

ಆ ಪತ್ರೆ ನೋಡಿದ ಮೇಲೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೂ ಒಳಗೆ ಹೋಗಿ ನಮ್ಮತ್ತೆಯವರನ್ನು ಕೇಳಿದೆ.

“ಅತ್ತೆ, ಜಗುಲಿ ಗಿಡಕ್ಕೆ ನೀರು ಹಾಕಿದ್ರಾ?”

“ಊಂ ಕಣವ್ವ, ದಿನಾ ಉಯ್ತಿವ್ನಿ,” ಎಂದರು, ಕೆಲಸ ಮಾಡಿಕೊಟ್ಟವರ ಸಮಾಧಾನದಲ್ಲಿ. “ನೀನು ಒಂದು ತೊಟ್ಟು ನೀರು ಕಾಣಿಸ್ದೆ ಇಟ್ಬುಟ್ಟಿದ್ದೆ. ಪಾಪ ಅನ್ನಿಸ್ತು. ಈ ಮಂಡಿನೋವಲ್ಲಿ ಮೂರು ಮೆಟ್ಲು ಇಳಿದು ದಾಸವಾಳದ ತಾವ ಓಗಕ್ಕಾಯ್ತಿಲ್ಲ. ಪೂಜೆ ನೀರು ತುಳಿಯೋ ಜಾಗದಲ್ಲಿ ಚೆಲ್ಲಾಕಾಯ್ತದಾ? ಇವಕ್ಕೇ ಉಯ್ದೆ. ನನ್ನ ಮಗಳ ಮನೆಗೆ ಓಗೋ ಗಿಡ, ಶಿವನ ನೀರು ಕುಡ್ಕೊಂಡೇ ಓಗ್ಲಿ ಅಂತ.”

ಮುಳ್ಳಿನ ಜಾತಿಯ ಗಿಡ ಮನೆಯೊಳಗೆ ಯಾಕೆ ಎಂದು ಎರಡು ವರ್ಷ ಗೊಣಗಿದವರು ಅವರು. ಇವಕ್ಕೆ ಮುಳ್ಳಿಲ್ಲ ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. ಈಗ ತಾವಾಗಿ ಒಪ್ಪಿಕೊಂಡು, ಇಷ್ಟಲಿಂಗಕ್ಕೆ ಎರೆದ ನೀರನ್ನೇ ತಂದು ಎರೆದಿದ್ದಾರೆ.

ಜಗುಲಿಗೆ ಬಂದು ಕಂಬಕ್ಕೆ ಒರಗಿ ಕೂತು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಮುಖ ತೊಳೆದೆ. ಶಿವನೇ, ಹತ್ತು ದಿನ ಕೊಟ್ಟಿದ್ದೀಯ, ಒಂಬತ್ತು ಕೊಟ್ಟಿಲ್ಲ ಎಂದುಕೊಂಡು ಚಾಕು ತಂದೆ.

ಈ ಗಿಡಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಬುಡ ಕೊಳೆತರೂ ತಲೆ ಗಟ್ಟಿಯಿದ್ದರೆ ಬದುಕುತ್ತವೆ. ಕಾಂಡವನ್ನು ಕಪ್ಪು ಮುಗಿದು ಹಸಿರು ಕಾಣುವವರೆಗೆ ಕತ್ತರಿಸಬೇಕು. ಕತ್ತರಿಸಿದ ತಲೆಯನ್ನು ನೆರಳಲ್ಲಿ ನಾಲ್ಕು ದಿನ ಸುಮ್ಮನೆ ಮಲಗಿಸಬೇಕು. ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಒಣ ಮಣ್ಣಲ್ಲಿ ಕೂರಿಸಿ, ಅಲ್ಲಿಂದ ಇನ್ನೂ ನಾಲ್ಕೈದು ದಿನ ನೀರು ತೋರಿಸಬಾರದು. ಬೆರಳು ಮಡಿಸಿ ಎಣಿಸಿದೆ. ಗೃಹಪ್ರವೇಶದ ದಿನಕ್ಕೆ ಸರಿಹೋಗುತ್ತಿತ್ತು, ಒಂದು ದಿನವೂ ಪೋಲಾಗದಿದ್ದರೆ.

ಆ ದಿನ ಅವರೆಬೇಳೆ ಸಾರಿಗೆ ಮುಹೂರ್ತ ಬರಲಿಲ್ಲ. ಕತ್ತರಿಸುತ್ತ ಕೂತವಳ ಹಿಂದೆ ಅತ್ತೆ ಬಂದು ನಿಂತರು.

“ಯಾಕವ್ವ, ತಲೆ ಕಡೀತಿದ್ದೀಯ?”

ಸುಳ್ಳು ಹೇಳಿದರೆ ನಾಳೆ ಮತ್ತೆ ನೀರು ಬೀಳುತ್ತದೆ. ನನಗೆ ಸುತ್ತಿ ಬಳಸಿ ಹೇಳಲೂ ಬರುವುದಿಲ್ಲ. “ನೀರು ಜಾಸ್ತಿಯಾಗಿ ಕೊಳೆತವೆ ಅತ್ತೆ. ಇವು ಎಲೆ ಒಳಗೇ ನೀರು ಕೂಡಿಟ್ಕೊಂಡಿರ್ತವೆ. ನಿಮಗೆ ನಾನು ಹೇಳಿರಲಿಲ್ಲ. ಕೆಳಗೆ ಟ್ರೇ ಇಟ್ಟು ನೀರು ನಿಲ್ಲಿಸಿದೋಳೂ ನಾನೇ.”

ಅವರು ಒಳಗೆ ಹೋದರು. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದರು. ಮರುದಿನ ಬೆಳಿಗ್ಗೆ ಪೂಜೆ ಮುಗಿದು ಬಹಳ ಹೊತ್ತಾದರೂ ನೀರಿನ ತಂಬಿಗೆ ಕಿಟಕಿಯಲ್ಲೇ ಕೂತಿತ್ತು.

“ಎಲ್ಲಿಗೆ ಉಯ್ಯಲವ್ವ ಇದ್ನ?” ಎಂದರು. “ನನ್ನ ಕೈ ನೀರು ಇಸ ಆಗೋಯ್ತು.”

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಐವತ್ತೊಂದು ಬೋಗುಣಿ ಮಾತ್ರ. ಆ ಮಾತು ಕೇಳಿದ ಮೇಲೆ ಬೋಗುಣಿಗಳು ಹೋದರೆ ಸಾಲದು, ಅವುಗಳಲ್ಲಿ ಅತ್ತೆಯ ಕೈಯೂ ಸೇರಿರಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ತಂಬಿಗೆ ತೆಗೆದುಕೊಂಡು ಹೋಗಿ ದಾಸವಾಳದ ಬುಡಕ್ಕೆ ಎರೆದು ಬಂದೆ. “ಬನ್ನಿ, ಕೆಲಸ ಐತೆ,” ಎಂದೆ.

ಕೆಲಸ ನಿಜವಾಗಿಯೂ ಇತ್ತು. ತಲೆಗಳನ್ನು ಮಣ್ಣಿಗೆ ಕೂರಿಸಬೇಕಾದರೆ ಕೆಳಗಿನ ಎರಡು ಸುತ್ತು ಎಲೆ ಬಿಡಿಸಿ ಬೆರಳಗಲದಷ್ಟಾದರೂ ಕಾಂಡ ತೋರಿಸಬೇಕು. ಎಲೆ ಬುಡಸಮೇತ ಇಡಿಯಾಗಿ ಬಂದರೆ ಅದೇ ಮುಂದೆ ಮರಿ ಹಾಕುತ್ತದೆ. ಅರ್ಧಕ್ಕೆ ಹರಿದರೆ ಕೊಳೆಯುತ್ತದೆ. ನಾನು ಬಿಡಿಸಿದ್ದರಲ್ಲಿ ಅರ್ಧಕ್ಕರ್ಧ ಹರಿದಿದ್ದವು. ಅತ್ತೆ ಒಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಎಲೆಯ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಒಂದು ಚೂರು ಹೊರಳಿಸಿದರು. ಎಲೆ ಇಡಿಯಾಗಿ ಕಳಚಿತು.

“ಎಳೀಬ್ಯಾಡ ಕಣೆ. ಅವರೆ ಇದುಕ್ದಂಗೆ. ಅದ್ರಷ್ಟಕ್ಕೇ ಬತ್ತದೆ, ನಾವು ದಾರಿ ಬುಡ್ಬೇಕು ಅಷ್ಟೆ.”

ಅರವತ್ತು ವರ್ಷ ಅವರೆಕಾಳು ಹಿದುಕಿದ ಬೆರಳು. ಸಂಜೆಯೊಳಗೆ ಮೊರದ ತುಂಬ ಎಲೆ, ಒಂದೂ ಹರಿದಿರಲಿಲ್ಲ. ಅವತ್ತು ಅತ್ತೆ ಅರ್ಧ ಮುದ್ದೆ ಉಂಡರು. ಅದನ್ನೂ ಒಂದು ಉಪಕಾರವೆಂದೇ ಎಣಿಸಿದೆ.

ಉಳಿದ ತಲೆಗಳು ಮೂವತ್ತು ಬೋಗುಣಿಗೆ ಸಾಕಾಗುತ್ತಿದ್ದವು. ಇನ್ನು ಇಪ್ಪತ್ತೊಂದಕ್ಕೆ ಗಿಡ ಬೇಕು. ಮಾರನೇ ದಿನ ಬೆಳಗಿನ ಬಸ್ಸಿಗೆ ಹಾಸನಕ್ಕೆ, ಅಲ್ಲಿಂದ ಗೊರೂರಿಗೆ ಹೋದೆ. ಅಲ್ಲಿನ ಕ್ವಾರ್ಟರ್ಸಿನಲ್ಲಿ ನಮ್ಮಕ್ಕ ಇದ್ದಾಳೆ, ಅವಳ ಗಂಡ ನೀರಾವರಿ ಇಲಾಖೆಯವರು. ನನಗೆ ಈ ಗಿಡಗಳ ಹುಚ್ಚು ಹಿಡಿಸಿದವಳೂ ಅವಳೇ. ಅವಳ ಕಾಂಪೌಂಡಿನ ಮೇಲೆ, ಒಡೆದ ಬಕೆಟ್ಟಿನಲ್ಲಿ, ತೂತಾದ ಪ್ರೆಷರ್ ಕುಕ್ಕರಿನಲ್ಲಿ ಇವೇ ತುಂಬಿವೆ.

“ಕತ್ತರಿಸ್ಕೊ, ಆದ್ರೆ ಬೋಳು ಮಾಡ್ಬ್ಯಾಡ,” ಎಂದಳು.

ನಾನು ಬೋಳು ಮಾಡಿದೆ. “ನೀನೇನು ತಂಗಿಯೋ ಮೇಕೆಯೋ?” ಎಂದು ಬೈಯುತ್ತಲೇ ತನ್ನ ಸೀರೆ ಸುತ್ತಿದ ರಟ್ಟಿನ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಜೋಡಿಸಿ ಕಟ್ಟಿಕೊಟ್ಟಳು. ವಾಪಸು ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಹೆಂಗಸೊಬ್ಬಳು ಪೆಟ್ಟಿಗೆಯನ್ನು ಹಾಸನದವರೆಗೂ ತೊಡೆಯ ಮೇಲೆ ಇಟ್ಟುಕೊಂಡಳು. ಏನಿದೆ ಅದರಲ್ಲಿ ಎಂದು ಕೇಳಲೂ ಇಲ್ಲ.

ಐದನೆಯ ದಿನ ಕೂರಿಸುವ ಕೆಲಸ. ಗೊರೂರಿನವಕ್ಕೆ ಒಣಗಲು ಎರಡೇ ದಿನ ಸಿಕ್ಕಿತ್ತು, ಕೊಳೆ ಕಾಣದ ಗಿಡದವು, ಅವಕ್ಕೆ ಅಷ್ಟು ಸಾಕು. ಹಳೆಯ ಮಣ್ಣನ್ನು ಎಸೆದು, ಬೋಗುಣಿಗಳನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ್ದೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ಮರಳು ಮತ್ತು ಇಟ್ಟಿಗೆ ಚೂರು. ಮರಳು ಸೋಸುವ ಜರಡಿಯ ಬಲೆ ಅರ್ಧದಲ್ಲೇ ಕಿತ್ತುಹೋಯಿತು. ಪೇಟೆಗೆ ಹೋಗಿ ಬರುವಷ್ಟು ವ್ಯವಧಾನ ಇರಲಿಲ್ಲ. ಅಡುಗೆಮನೆಯ ರಾಗಿಹಿಟ್ಟಿನ ಜರಡಿ ತಂದು ಸೋಸಿದೆ, ಕೊಡವಿ ಮೊಳೆಗೆ ನೇತುಹಾಕಿದೆ. ಮಧ್ಯಾಹ್ನ ನಮ್ಮೆಜಮಾನರು ಅಂಗಡಿಯಿಂದ ಊಟಕ್ಕೆ ಬಂದರು. ಎರಡನೇ ತುತ್ತಿಗೆ ದವಡೆ ನಿಂತಿತು.

“ಏನೇ, ಮುದ್ದೇನ ಒಳೆ ದಂಡೇಲಿ ಕಟ್ಟಿದ್ಯಾ?”

“ಮುದ್ದೆ ನುಂಗೋದು ಕಣ್ರೀ. ನಿಮ್ಮನ್ನ ಯಾರು ಅಗೀರಿ ಅಂದದ್ದು?”

ಒಳಗಿನಿಂದ ಅತ್ತೆ ನಕ್ಕ ಸದ್ದು ಕೇಳಿತು. ಐದು ದಿನದಲ್ಲಿ ಅದು ಮೊದಲ ಸಲ.

ಅವತ್ತು ಇಡೀ ದಿನ ಅತ್ತೆ ಬಿಡಿಸಿಕೊಟ್ಟರು, ನಾನು ಕೂರಿಸಿದೆ. ಎತ್ತರದ್ದು ಹಿಂದೆ, ತಾವರೆ ನಡುವೆ, ಜಡೆ ಅಂಚಿಗೆ, ಮೇಲೆ ಬಿಳಿ ಕಲ್ಲಿನ ಹರಳು. ಕೆಲವು ತಲೆಗಳು ನೆಟ್ಟಗೆ ನಿಲ್ಲದೆ ವಾಲಿದವು. ಸುತ್ತ ಕಲ್ಲು ಒತ್ತಿ ನಿಲ್ಲಿಸಿದೆ. ಟ್ರೇಗಳನ್ನು ಅಟ್ಟಕ್ಕೆ ಎಸೆದೆ.

ಹತ್ತನೆಯ ದಿನ ಬೆಳಿಗ್ಗೆ ಅಂಗಡಿಯ ಲಗೇಜ್ ಆಟೋ ಬಾಗಿಲಿಗೆ ಬಂದಾಗ ಅತ್ತೆ ಪೂಜೆ ಮುಗಿಸಿದ್ದರು. ತಂಬಿಗೆ ಎತ್ತಿಕೊಂಡು ಜಗುಲಿಯ ಬಾಗಿಲಲ್ಲಿ ನಿಂತರು, ಮುಂದೆ ಬರಲಿಲ್ಲ. ಗಿಡಗಳಿಗೆ ಮೊದಲ ಸಲ ಗುಟುಕು ನೀರು ಕೊಡಬಹುದಾದ ದಿನ ಅದು. ನಾನು ಪೂಜೆಯ ತಟ್ಟೆಯಿಂದ ಉದ್ಧರಣೆಯನ್ನು, ಆ ಪುಟ್ಟ ಚಮಚವನ್ನು, ತಂದು ಅವರ ಕೈಗೆ ಕೊಟ್ಟೆ.

“ಒಂದೊಂದಕ್ಕೆ ಇದರಲ್ಲಿ ಒಂದೇ ಒಂದು, ಅತ್ತೆ. ಇವಕ್ಕೆ ಅಷ್ಟೇ ಬಾಯಾರಿಕೆ.”

“ಅಷ್ಟೇ ಸಾಕಾ?” ಎಂದು ಎರಡು ಸಲ ಕೇಳಿದರು. ಆಮೇಲೆ ಮಂಡಿ ಹಿಡಿದುಕೊಂಡು, ಸಾಲಿನ ಉದ್ದಕ್ಕೂ ನಡೆದು, ಐವತ್ತೊಂದಕ್ಕೂ ಒಂದೊಂದು ಉದ್ಧರಣೆ ಎರೆದರು. ತುಟಿ ಅಲ್ಲಾಡುತ್ತಿತ್ತು. ಆಟೋದವನು ಹಾರನ್ ಹೊಡೆದ. ನಾನು ಅವಸರ ಮಾಡಲಿಲ್ಲ.

ಚನ್ನರಾಯಪಟ್ಟಣದಲ್ಲಿ ಊಟ ಮುಗಿದ ಮೇಲೆ ತಾಂಬೂಲ ಕೊಡುವ ಹೊತ್ತು. ನಾದಿನಿಯ ಅತ್ತೆ ಒಂದು ಬೋಗುಣಿಯನ್ನು ಎತ್ತಿ, ಸುತ್ತ ತಿರುಗಿಸಿ, ತಳದ ತೂತಿನಲ್ಲಿ ಇಣುಕಿ ನೋಡಿದರು. “ಚೆಂದಾಗೈತೆ. ದಿನಾ ನೀರು ಉಯ್ಯಬೇಕೇನೋ?”

ನಾನು ಬಾಯಿ ತೆರೆಯುವ ಮೊದಲೇ ನಮ್ಮತ್ತೆ ಕುರ್ಚಿಯಿಂದ, ಪಡಸಾಲೆಯಲ್ಲಿದ್ದವರೆಲ್ಲ ತಿರುಗುವಷ್ಟು ಜೋರಾಗಿ ಅಂದರು: “ದಿನಾ ಉಯ್ದೀರಾ ಬೀಗಿತ್ರೇ, ಕೊಳ್ತೋಯ್ತವೆ. ನಾನೇ ಉಯ್ದು ಕೊಳೆಸಿ ನೋಡಿವ್ನಿ. ವಾರಕ್ಕೊಂದು ಉದ್ರಣೆ, ಅದೂ ಮಣ್ಣು ಒಣಗಿದ್ರೆ.”

ಎಲ್ಲರೂ ನಕ್ಕರು, ಅವರೂ ನಕ್ಕರು. ಬೀಗಿತ್ತಿ, “ನಂಗೆ ಇನ್ನೊಂದು ತೆಗೆದಿಡೇ, ದೇವರಮನೆ ಕಿಟಕೀಗೆ,” ಎಂದು ಸೊಸೆಗೆ ಹೇಳಿದರು. ನಾದಿನಿ ನನ್ನ ಕಡೆ ನೋಡಿದಳು. ಅವಳಿಗೆ ಈ ಹತ್ತು ದಿನದ ಕಥೆ ಆವರೆಗೂ ಗೊತ್ತಿರಲಿಲ್ಲ. ನಾನು ಕಣ್ಣಲ್ಲೇ ಆಮೇಲೆ ಹೇಳ್ತೀನಿ ಎಂದೆ.

ಸಂಜೆ ಮನೆಗೆ ಬಂದು ಸೀರೆ ಬದಲಿಸಿ ಜಗುಲಿಗೆ ಹೋದೆ. ಬೋಗುಣಿಗಳಿಲ್ಲದೆ ಅದು ಖಾಲಿಯಾಗಿತ್ತು. ಮೂಲೆಯ ಮೊರದಲ್ಲಿ ಅತ್ತೆ ಬಿಡಿಸಿಟ್ಟಿದ್ದ ಎಲೆಗಳು ಸ್ವಲ್ಪ ಸೊರಗಿದ್ದವು. ಒಂದನ್ನು ಎತ್ತಿ ನೋಡಿದರೆ ಬುಡದಲ್ಲಿ ಕೂದಲೆಳೆಯಷ್ಟು ತೆಳುವಾದ ಗುಲಾಬಿ ಬಣ್ಣದ ಬೇರು. ಇನ್ನೊಂದರಲ್ಲೂ ಇತ್ತು. ದಾಸವಾಳದ ಒಂದು ಕಡ್ಡಿಯನ್ನು ಕುಂಡಕ್ಕೆ ನೆಟ್ಟು ಜಗುಲಿಯ ಮೇಲೆಯೇ ಇಡಬೇಕು, ಅತ್ತೆ ಮೆಟ್ಟಿಲು ಇಳಿಯದಂತೆ, ಎಂದುಕೊಂಡೆ. ಅದು ಬೆಳಗಿನ ಕೆಲಸ.

“ಮುದ್ದೆಗೆ ಎಸರಿಟ್ಟೆಯೇನವ್ವ?” ಎಂದು ಅತ್ತೆ ಒಳಗಿನಿಂದ ಕೂಗಿದರು.

ಇನ್ನೂ ಹಿಟ್ಟೇ ಸೋಸಿರಲಿಲ್ಲ. ಮೊಳೆಯಿಂದ ರಾಗಿಜರಡಿ ಇಳಿಸಿ, ಈ ಸಲ ಹುಣಿಸೆಹಣ್ಣು ಹಾಕಿ ಉಜ್ಜಿ, ಮೂರು ನೀರಲ್ಲಿ ತೊಳೆದು, ಒಲೆಯ ಶಾಖಕ್ಕೆ ಹಿಡಿದು ಒಣಗಿಸಿದೆ. ಬೆಳಕಿಗೆ ಎತ್ತಿ ಹಿಡಿದು ಬಲೆಯಲ್ಲಿ ಒಂದು ಹರಳೂ ಉಳಿದಿಲ್ಲವೆಂದು ನೋಡಿಕೊಂಡು, ಹಿಟ್ಟು ಸೋಸಲು ಕೂತೆ.