ದಲೆಂದಾಳ ಮೂಳೆ

ಸ್ಫಾಕ್ಸ್ ಊರಿನ ಆ ಓಣಿಗೆಲ್ಲ ರೊಟ್ಟಿ ಎಂದರೆ ದಲೆಂದಾ. ಮೂವತ್ತು ವರ್ಷ ಉರಿಯುವ ಮಣ್ಣಿನ ಒಲೆಯೊಳಗೆ ಬರಿಗೈ ಇಳಿಸಿ ರೊಟ್ಟಿ ಬಡಿದವಳು. ಅಂಥವಳಿಗೆ ರಕ್ತದ ಕ್ಯಾನ್ಸರ್ ಬಂದದ್ದು ಅವಳೊಬ್ಬಳನ್ನು ಬಿಟ್ಟು ಓಣಿಗೆಲ್ಲ ಗೊತ್ತಾಯಿತು. ನಮ್ಮಲ್ಲಿ ಆ ರೋಗದ ಹೆಸರನ್ನು ರೋಗಿಯ ಎದುರು ಆಡುವುದಿಲ್ಲ. ಡಾಕ್ಟರೂ ಮನೆಯ ಗಂಡಸಿನ ಕಿವಿಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಸುಡಲಿ ಈ ಕರುಣೆಯನ್ನು!

"ರಕ್ತ ಕಮ್ಮಿ ಆಗಿದೆ ಅಕ್ಕಾ, ಅಷ್ಟೇ" ಎಂದ ತಮ್ಮ ಮೊನ್ಸೆಫ್. ಕೂದಲು ಉದುರಿದಾಗ ಔಷಧದ ಉಷ್ಣ ಎಂದ. ಔಷಧದ ಮೊದಲ ಸುತ್ತು ಮುಗಿದ ಮರುದಿನ ಚುಚ್ಚಿಸಿದ ಸೂಜಿಯನ್ನು ಶಕ್ತಿಗೆ ಎಂದ.

ಸೂಜಿಯಾಗಿ ಎರಡು ದಿನಕ್ಕೆ ಸೊಂಟ, ಬೆನ್ನು, ಎದೆಮೂಳೆಯನ್ನು ಒನಕೆಯಲ್ಲಿ ಕುಟ್ಟಿದ ಹಾಗಾಯಿತು. ದಲೆಂದಾ ದಿಂಬು ಕಚ್ಚಿ ಮಲಗಿದಳು. ಏನೋ ಕೆಟ್ಟದ್ದು ಮೂಳೆಗೆ ಇಳಿದಿದೆ, ತನ್ನ ಕಥೆ ಮುಗಿಯಿತು ಎಂದುಕೊಂಡಳು. ಒಲೆಯನ್ನು ಪಕ್ಕದ ಮನೆಯ ಮಬ್ರೂಕಾಳಿಗೆ ಕೊಟ್ಟುಬಿಟ್ಟಳು. ಇನ್ನು ಔಷಧ ಬೇಡವೆಂದು ಹೇಳಲು ಒಬ್ಬಳೇ ಆಸ್ಪತ್ರೆಗೆ ಹೋದಳು.

"ಮಾತ್ರೆ ತಗೊಳ್ಳಲಿಲ್ವಾ ಅಮ್ಮಾ?" ಎಂದಳು ನರ್ಸು, ಮೂಳೆನೋವಿನ ಕಥೆ ಕೇಳಿ.

"ಯಾವ ಮಾತ್ರೆ?"

"ಅಲರ್ಜಿ ಮಾತ್ರೆ! ಸೂಜಿಗೆ ಮುಂಚಿನ ದಿನದಿಂದ ತಗೊಳ್ಳಿ ಅಂತ ಡಾಕ್ಟ್ರು ಬರೆದಿದ್ರು. ಆ ಸೂಜಿ ಬಿಳಿ ರಕ್ತಕಣ ಹೆಚ್ಚಿಸೋಕೆ ಮೂಳೆ ಒಳಗಿನ ಮಜ್ಜೆನ ದುಡಿಸುತ್ತೆ, ಅದಕ್ಕೇ ನೋವು. ರೋಗದಿಂದ ಬಂದ ನೋವಲ್ಲ ಇದು. ಆ ಅಲರ್ಜಿ ಮಾತ್ರೆನೇ ಈ ನೋವಿಗೂ ಕೊಡೋದು. ಎಲ್ರಿಗೂ ಪೂರ್ತಿ ಹೋಗಲ್ಲ, ಆದ್ರೆ ತುಂಬ ಜನಕ್ಕೆ ಕಮ್ಮಿಯಾಗುತ್ತೆ. ನಿಮ್ಮ ತಮ್ಮನ ಕೈಲೇ ಕೊಟ್ಟಿದ್ನಲ್ಲ!"

ಮನೆಗೆ ಬಂದು ನೋಡಿದರೆ ಮಾತ್ರೆಯ ಪೊಟ್ಟಣ ಮೊನ್ಸೆಫ್‌ನ ಕಪಾಟಿನಲ್ಲಿ ಒಡೆಯದೆ ಬಿದ್ದಿತ್ತು.

"ಕೊಟ್ಟಿದ್ರೆ, ಸೀನಿಲ್ಲ, ತುರಿಕೆ ಇಲ್ಲ, ಇದ್ಯಾಕೆ ಅಂತ ನೀನು ಕೇಳ್ತಿದ್ದೆ ಅಕ್ಕಾ. ಒಂದು ಹೇಳಿದ್ರೆ ಎಲ್ಲಾ ಹೇಳ್ಬೇಕಾಗ್ತಿತ್ತು. ನೀನು ಹೆದರಿಕೊಳ್ತೀಯ ಅಂತ..."

"ಹೆದರಿಕೊಳ್ತೀನಾ? ಮೂರು ದಿನ ಗೋಡೆ ನೋಡ್ಕೊಂಡು ಸಾವನ್ನ ಕಾದೆನಲ್ಲೋ, ಮೂರ್ಖಾ! ಹೆದರಿದ್ದು ನಾನಲ್ಲ, ನೀನು. ನಿನ್ನ ಪುಕ್ಕಲುತನಕ್ಕೆ ನನ್ನ ಸೊಂಟ ಮುರೀತು!"

ಅವನು ಪೊಟ್ಟಣ ತೆಗೆದು ಅವಳ ಕೈಗೆ ಇಟ್ಟ.

ಎರಡನೆಯ ಸುತ್ತಿಗೆ ಹೋದಾಗ ಡಾಕ್ಟರು ಎಂದಿನಂತೆ ಮೊನ್ಸೆಫ್‌ನ ಕಡೆ ತಿರುಗಿದರು. "ಈಗ ಇವರು ಹೇಗಿದಾರೆ?"

ದಲೆಂದಾ ಮೇಜಿನ ಮೇಲೆ ಅಂಗೈ ಬಡಿದಳು. "ಇವರು ಇಲ್ಲೇ ಕೂತಿದಾರೆ ಡಾಕ್ಟ್ರೇ. ಮೂಳೆ ನಂದು, ನೋವು ನಂದು. ರೋಗದ ಹೆಸರೂ ನಂದೇ, ನನ್ನ ಮುಖ ನೋಡಿ ಹೇಳಿ. ಮೊನ್ಸೆಫ್, ನೀನು ಹೊರಗೆ ಕೂತ್ಕೊಳಪ್ಪ. ನಿಂಗೆ ಏನು ಹೇಳ್ಬೇಕು ಅಂತ ಆಮೇಲೆ ನಾನು ಯೋಚನೆ ಮಾಡ್ತೀನಿ."