ಕೆಂಪು ಅಂಚಿನ ಕೇಬಲ್ಲು, ಗಿರಿಜಕ್ಕನ ಕುಂಕುಮ

ಗಿರಿಜಕ್ಕ, ಆ ಕಂಪ್ಯೂಟರ್ ಕೆಟ್ಟಿದ್ದು ನಿಮ್ಮ ಕುಂಕುಮದಿಂದ ಅಲ್ಲ. ಕೆಡಿಸಿದವನು ನಾನು. ಇದೊಂದು ಮಾತು ಹೇಳಲು ಇಷ್ಟು ವರ್ಷ ಬೇಕಾಯಿತು ನೋಡಿ — ಥೂ, ನನ್ನ ಜನ್ಮಕ್ಕಿಷ್ಟು!

ನಿಮಗೆ ನೆನಪಿದ್ದೇ ಇರುತ್ತದೆ, ಆದರೂ ಹೇಳುತ್ತೇನೆ. ಎಂಬತ್ತರ ದಶಕದ ಕೊನೆ. ಚನ್ನಗಿರಿಯ ಆ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ನೀವು ಟೈಪಿಸ್ಟ್, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೆರೆಬಿಳಚಿಯ, ಸುತ್ತಲ ಊರುಗಳ ರೈತರು ಚೀಲದಲ್ಲಿ ತಂದ ಮಣ್ಣಿನ ಫಲಿತಾಂಶವನ್ನೆಲ್ಲ ಎಂಟು ತಿಂಗಳು ಕೂತು ಅದರೊಳಗೆ ತುಂಬಿದ್ದಿರಿ. ನಾನು ಬಸ್ ಸ್ಟ್ಯಾಂಡ್ ಪಕ್ಕದ ರೇಡಿಯೋ ರಿಪೇರಿಯವನು. ರೇಡಿಯೋ ಬಿಚ್ಚುವವನಿಗೆ ಕಂಪ್ಯೂಟರ್ ಯಾವ ಮಹಾ ಎಂದು ಸಾಹೇಬರು ನನ್ನನ್ನೇ ಕರೆಸುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ಅದೇ ಕರ್ಮ.

ಆಯುಧಪೂಜೆಯ ಹಿಂದಿನ ದಿನ ಧೂಳು ಹೊಡೆಯಲು ಅದನ್ನು ಬಿಚ್ಚಿದೆ. ಹಾರ್ಡ್ ಡಿಸ್ಕಿನಿಂದ ಒಳಗಿನ ಕಾರ್ಡಿಗೆ ಎರಡು ಚಪ್ಪಟೆ ಕೇಬಲ್ಲು — ಒಂದು ಅಗಲ, ಒಂದು ಕಿರಿದು. ಅಗಲದ್ದಕ್ಕೆ ಒಂದು ಅಂಚು ಕೆಂಪು. ಆ ಅಂಚು ಕಾರ್ಡಿನ ಒಂದನೇ ಪಿನ್ನಿನ ಕಡೆಗೇ ಬರಬೇಕು. ತಿರುಗಿಸಿ ಹಾಕಿದರೂ ಸಲೀಸಾಗಿ ಕೂರುತ್ತದೆ, ಹಾಳಾದ್ದು! ತಪ್ಪು ಹಾಕುವವನ ಕೈ ತಡೆಯಲು ಮಾಡಿದವರು ಒಂದು ಸಣ್ಣ ಕಚ್ಚನ್ನಾದರೂ ಇಡಬಾರದಿತ್ತೇ... ಬಿಡಿ, ಕೆಂಪು ಬಣ್ಣ ಕಣ್ಣಿಗೆ ರಾಚುತ್ತಿತ್ತು. ನೋಡದವನು ನಾನು. ಮುಚ್ಚಿದ ಮೇಲೆ ಒಮ್ಮೆ ಚಾಲೂ ಮಾಡಿಯೂ ನೋಡಲಿಲ್ಲ.

ಮರುದಿನ ನೀವು ಪೂಜೆ ಮಾಡಿ ಸ್ವಿಚ್ ಒತ್ತಿದಿರಿ. ಡಿಸ್ಕಿನ ದೀಪ ಹತ್ತಿದ್ದು ಆರಲೇ ಇಲ್ಲ, ಪರದೆ ಮೇಲೆ ಏನೂ ಬರಲಿಲ್ಲ. ನಾನು ಬಂದು ಬಿಚ್ಚಿದೆ — ಕೇಬಲ್ಲು ತಿರುಗಾಮುರುಗಾ! ಯಾರಿಗೂ ಕಾಣದಂತೆ ಸರಿ ಮಾಡಿದೆ. ಅಷ್ಟರಲ್ಲಿ ಡಿಸ್ಕಿನ ಮೊದಲ ಭಾಗವೇ ಅಳಿಸಿಹೋಗಿತ್ತು, ಅದು ಏಳಲಿಲ್ಲ.

"ಏನಾತಯ್ಯ?" ಎಂದರು ಸಾಹೇಬರು.

ನನ್ನ ಕಣ್ಣು ಪೆಟ್ಟಿಗೆಯ ಮೇಲಿನ ಬೊಟ್ಟಿನ ಮೇಲೆ ಬಿತ್ತು. "ಕುಂಕುಮದ ಪುಡಿ ಒಳಗೆ ಹೋಗೈತೆ ಸಾರ್" ಎಂದುಬಿಟ್ಟೆ.

"ಮೇಲೆ ಒಂದು ಬೊಟ್ಟು ಇಟ್ಟೀನಿ ಅಷ್ಟೇ, ಅದು ಒಳಗೆ ಹೆಂಗೆ ಹೋಗ್ತೈತೆ? ರುದ್ರೇಶ, ನೀನಾರ ನೋಡಿ ಹೇಳಪ್ಪ" ಎಂದಿರಿ ನೀವು. ನಾನು ಸ್ಕ್ರೂಡ್ರೈವರ್ ಒರೆಸುತ್ತ ನಿಂತೆ.

ದಾವಣಗೆರೆಯಿಂದ ಬಂದ ಕಂಪ್ಯೂಟರ್ ಕಂಪನಿಯವರು ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿದರು. ನಿಮ್ಮ ಎಂಟು ತಿಂಗಳು ಹೋಯಿತು. ಕಾಯಂ ಆದೇಶ ಬೇರೆಯವರ ಹೆಸರಿಗೆ ಬಂತು. ನಿಮ್ಮ ಅನ್ನಕ್ಕೆ ಕಲ್ಲು ಹಾಕಿದವನು ನಾನು, ನೀವು ಹೊನ್ನಾಳಿಗೆ ಹೋಗಿ ಹೊಲಿಗೆ ಹಿಡಿದಿರಿ.

ಹೋದ ವರ್ಷ ಆಯುಧಪೂಜೆಯ ದಿನ ನಿಮ್ಮ ಅಂಗಡಿಗೆ ಬಂದಿದ್ದೆನಲ್ಲ. ಕತ್ತರಿಗೆ, ಬೀಗಕ್ಕೆ, ಇಸ್ತ್ರಿಪೆಟ್ಟಿಗೆಗೆ ಕುಂಕುಮ ಇಟ್ಟಿದ್ದಿರಿ. ಹೊಲಿಗೆ ಮಿಷಿನ್ನಿಗೆ ಮಾತ್ರ ಇರಲಿಲ್ಲ. ಯಾಕೆಂದು ಕೇಳಿದೆ.

"ಬ್ಯಾಡಪ್ಪ. ಮಿಷಿನ್ನಿಗೆ ನನ್ನ ಕೈ ಕುಂಕುಮ ಆಗಿಬರಲ್ಲ. ನಿಂಗೇ ಗೊತ್ತೈತಲ್ಲ" ಎಂದು ಮಂಡಕ್ಕಿ ಕೊಟ್ಟಿರಿ. ಅದನ್ನು ತಿಂದು, ಕೈ ಒರೆಸಿಕೊಂಡು, ಸುಮ್ಮನೆ ಎದ್ದು ಬಂದೆ — ಆಗಲೂ! ಎಂಥ ಮನುಷ್ಯ ನಾನು?

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಹೊನ್ನಾಳಿಗೆ ಬಂದು ನಿಮ್ಮೆದುರು ನಿಂತು ಓದುತ್ತೇನೆ. ಬೈಯಿರಿ, ಅಂಗಡಿಯಿಂದ ಆಚೆ ಹಾಕಿ. ಈ ಸಲದ ಹಬ್ಬಕ್ಕೆ ಮಾತ್ರ ಆ ಮಿಷಿನ್ನಿಗೆ ಕುಂಕುಮ ಇಡಿ, ಅಕ್ಕ.