ಕನ್ನಡಿ ಸುಳ್ಳು ಹೇಳಿರಲಿಲ್ಲ

ಗೊತ್ತಿದ್ದೂ ಮುಚ್ಚಿಟ್ಟೆ, ಪದ್ಮಾ. ಶಿರಗುಪ್ಪಿಯ ನಮ್ಮ ವಿಜ್ಞಾನ ಕೂಟದಲ್ಲಿ ಅಂದು ನಿನ್ನನ್ನು ಸೋಲಿಸಿದ ವಾದ ಸುಳ್ಳಾಗಿತ್ತು — ಸುಳ್ಳೆಂದು ಎದ್ದು ನಿಲ್ಲುವ ಮೊದಲೇ ನನಗೆ ತಿಳಿದಿತ್ತು.

ಎಂಬತ್ತರ ದಶಕದ ಕೊನೆ. ಕೂಟಕ್ಕೆ ಮಸೂರದ ದುರ್ಬೀನು ಬಂದಿತ್ತು. ಅದಕ್ಕೆ ಡಯಾಗೊನಲ್ ಬೇಕೋ ಬೇಡವೋ ಎಂಬುದೇ ಪ್ರಶ್ನೆ. ಮೊಣಕೈಯಂತೆ ಮಡಚಿದ ಸಣ್ಣ ಕೊಳವೆ, ಒಳಗೊಂದು ಓರೆ ಕನ್ನಡಿ. ಅದಿದ್ದರೆ ನೆತ್ತಿಯ ಮೇಲಿನ ಚಂದ್ರನನ್ನೂ ಕುಳಿತು, ತಲೆ ತಗ್ಗಿಸಿ ನೋಡಬಹುದು. ನೀನು ತೊಂಬತ್ತು ಡಿಗ್ರಿಯದನ್ನೇ ಕೇಳಿದೆ. "ನಲವತ್ತೈದರದು ಹಕ್ಕಿ ನೋಡಾಕ ಸಾಕು. ಚಂದ್ರ ಮ್ಯಾಲ ಬಂದ್ರ ಮತ್ತ ಕುತ್ತಿಗಿ ತಿರುವಬೇಕು. ನಮ್ಮ ಆಯಿಗೆ ಬೆನ್ನು ಬಾಗೇತಿ, ಅಜ್ಜಿ ಆದ್ರೇನು, ಆಕಿಗೂ ನೋಡೋ ಆಸೆ ಐತಿ."

ನಾನು ಚರ್ಚಾಸ್ಪರ್ಧೆಯ ಹುಲಿಯಲ್ಲವೇ — ಗುಡುಗಿದೆ: "ಆ ಕನ್ನಡಿ ಎಡ ಇದ್ದದ್ದು ಬಲ ಮಾಡಿ ತೋರಿಸತೈತ್ರಿ! ಢೋಂಗಿ ಬಾಬಾಗಳ ಕಣ್ಕಟ್ಟು ಬಯಲು ಮಾಡೋರು ನಾವು. ನಮ್ಮ ದುರ್ಬೀನಿಗೇ ಸುಳ್ಳು ಹೇಳೋ ಕನ್ನಡಿ ಹಚ್ಚೋಣೇನ್ರಿ?"

"ಶಾಬ್ಬಾಸ್ ಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಚಪ್ಪಾಳೆ. ಡಯಾಗೊನಲ್ ಬೇಡವೆಂದು ತೀರ್ಮಾನವಾಯಿತು.

ಆದರೆ ಹಿಂದಿನ ಸಂಜೆಯೇ ಆ ಬರಿಯ ದುರ್ಬೀನನ್ನು ಸಕ್ಕರೆ ಕಾರ್ಖಾನೆಯ ಚಿಮಣಿಯತ್ತ ಹಿಡಿದಿದ್ದೆ — ಹೊಗೆ ಕೆಳಕ್ಕೆ ಸುರಿಯುತ್ತಿತ್ತು! ಕನ್ನಡಿಯಿಲ್ಲದೆಯೂ ಎಡಬಲ ಅದಲುಬದಲು, ಮೇಲಿಂದ ತಲೆಕೆಳಗು ಬೇರೆ. ಕನ್ನಡಿ ಆ ತಲೆಕೆಳಗನ್ನಾದರೂ ಸರಿಪಡಿಸುತ್ತಿತ್ತು. ಹೇಳಿದ್ದರೆ ನನ್ನ ವಾದ ಅಲ್ಲೇ ಮುಗಿಯುತ್ತಿತ್ತು. ಹೇಳಲಿಲ್ಲ. ಗೆಲ್ಲಬೇಕಿತ್ತು — ಅಷ್ಟೇ.

ಅಷ್ಟಮಿಯ ಸಂಜೆ ಆಯಿ ಎಲ್ಲರಿಗಿಂತ ಮೊದಲು ಶಾಲೆಯ ಅಂಗಳಕ್ಕೆ ಬಂದರು. ಹೊತ್ತು ಮುಳುಗಿದ ಮೇಲೆ ನಿಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲವಲ್ಲ, ಅವರ ಊಟ ಮುಗಿದಿತ್ತು. ಅರ್ಧಚಂದ್ರ ನೆತ್ತಿಯ ಮೇಲೆ. ದುರ್ಬೀನಿನ ಕಣ್ಣಿಡುವ ತುದಿ ನೆಲದತ್ತ. ಆಯಿ ಕುಳಿತರು, ಮೊಣಕಾಲೂರಿದರು, ನನ್ನ ಭುಜ ಹಿಡಿದು ಕತ್ತೆತ್ತಲು ನೋಡಿದರು... ಆಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು: "ಇರ್ಲಿ ಬಿಡೋ ತಮ್ಮಾ. ನೀ ನೋಡಿ ಹೇಳು, ನಾ ನಂಬ್ತೀನಿ."

ನಂಬ್ತೀನಿ! ಯಾರ ಮಾತನ್ನೂ ನಂಬಬೇಡಿ, ಕಣ್ಣಾರೆ ನೋಡಿ ಎಂದು ಊರೂರು ಒದರಿದವನು ನಾನು. ಯಾವ ಬಾಬಾನಿಗಿಂತ ಮೇಲು? ಅವರಿಗೆ ಹೊಟ್ಟೆಪಾಡಾದರೂ ಇತ್ತು. ನನಗೆ ಬರೀ ಚಪ್ಪಾಳೆ. ಆಗಲೂ ತಪ್ಪೊಪ್ಪದೆ ಕೊಳವೆಗೆ ಕಣ್ಣಿಟ್ಟೆ. "ಕುಳಿಗಳೆಲ್ಲಾ ಮ್ಯಾಲಿನ ತುದಿಗೆ ಒತ್ತಾಗಿ ಕುಂತಾವ್ರಿ, ಆಯಿ" ಎಂದು ಸೊಗಸಾಗಿ ವರ್ಣಿಸಿದೆ. ನೀನು ದೂರ ನಿಂತು ನನ್ನನ್ನೇ ನೋಡುತ್ತಿದ್ದೆ.

ಈಗ ತೊಂಬತ್ತು ದಾಟಿದ ಆಯಿಯ ಕಣ್ಣುಗಳು ಪೂರ್ತಿ ಹೋಗಿವೆಯಂತೆ. ಇನ್ನು ಯಾವ ಕೊಳವೆ ತಂದರೂ — ಇಲ್ಲ, ತರುವ ಹೊತ್ತು ಅಂದೇ ಇತ್ತು.

ಬರುವ ರವಿವಾರ ಕೂಟ ಸೇರುತ್ತದೆ. ಅಂದು ಚಪ್ಪಾಳೆ ತಟ್ಟಿದವರೆದುರೇ ಇದನ್ನು ಹೇಳುತ್ತೇನೆ. ಆಮೇಲೆ ನಿಮ್ಮ ಮನೆಗೆ ಬರುತ್ತೇನೆ, ನೀನು ಬಾಗಿಲು ತೆರೆದರೆ. ಇಷ್ಟು ವರ್ಷ ಆಯಿ ನಂಬಿಕೊಂಡು ಬಂದಿರುವುದು ನನ್ನ ತಲೆಕೆಳಗಿನ ಚಂದ್ರನನ್ನು. ಆ ಕುಳಿಗಳು ಮೇಲಿಲ್ಲ, ಕೆಳಗಿವೆ ಎಂದು ಅವರ ಮುಂದೆ ಕೂತು ಹೇಳಬೇಕು.